ಮುಂಗಡ ಬುಕಿಂಗ್ ಮಾರಾಟವಲ್ಲ: ವಿದ್ಯುತ್ ಪಿಕಪ್ ದಾಸ್ತಾನು ಕಲಿಸುವ ಪಾಠ

2025ರ ಮೇ ತಿಂಗಳಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್ ನಗರಾಡಳಿತಕ್ಕೆ ವಿಚಿತ್ರ ಸಮಸ್ಯೆಯೊಂದು ಎದುರಾಯಿತು. ಅಲ್ಲಿನ ವಾಣಿಜ್ಯ ಸಂಕೀರ್ಣವೊಂದರ ನಿಲುಗಡೆ ಅಂಗಳದಲ್ಲಿ ಟೆಸ್ಲಾ ಕಂಪನಿಯ ಸೈಬರ್‌ಟ್ರಕ್ ಎಂಬ ವಿದ್ಯುತ್ ಪಿಕಪ್ ವಾಹನಗಳು ಸಾಲುಸಾಲಾಗಿ ನಿಂತಿದ್ದವು. ಅಂಗಳವನ್ನು ಹೀಗೆ ಉಗ್ರಾಣದಂತೆ ಬಳಸುವುದು ನಿಯಮಬಾಹಿರವೆಂದು ಆಡಳಿತವು ಜಾಗದ ಮಾಲೀಕರಿಗೆ ತಿಳಿಸಬೇಕಾಯಿತು. ಮಾರಾಟವಾಗದೆ ಉಳಿದ ಸೈಬರ್‌ಟ್ರಕ್ಕುಗಳು ದೇಶಾದ್ಯಂತ ಸುಮಾರು 10,000 ಇವೆಯೆಂದೂ ಅವುಗಳ ಮೌಲ್ಯ ಸುಮಾರು 80 ಕೋಟಿ ಡಾಲರ್ ಎಂದೂ ಆ ದಿನಗಳ ಪತ್ರಿಕಾ ವರದಿಗಳು ಹೇಳಿದವು.

ಸಾಗರದಾಚೆಯ ದೈತ್ಯ ಕಂಪನಿಯ ದಾಸ್ತಾನಿಗೂ ನಮ್ಮ ವರ್ತಕರು ಹಾಗೂ ಸಣ್ಣ ತಯಾರಕರಿಗೂ ಏನು ಸಂಬಂಧ ಎಂದು ಸದಸ್ಯರು ಕೇಳಬಹುದು. ಸಂಬಂಧವಿದೆ. ತಯಾರಕರನ್ನು ಮೋಸಗೊಳಿಸುವ ಒಂದು ಹಳೆಯ ಅಂಕಿ ಈ ಪ್ರಕರಣದಲ್ಲಿ ಬಹಳ ದೊಡ್ಡ ಗಾತ್ರದಲ್ಲಿ ಕಾಣಿಸಿಕೊಂಡಿದೆ. ಅದರ ಹೆಸರು ‘ಮುಂಗಡ ಬುಕಿಂಗ್’.

ನಾಲ್ಕಾಣೆಯ ಬೇಡಿಕೆ

ಸೈಬರ್‌ಟ್ರಕ್ ಪ್ರಥಮ ಪ್ರದರ್ಶನಗೊಂಡದ್ದು 2019ರ ನವೆಂಬರಿನಲ್ಲಿ. ಆರಂಭಿಕ ಬೆಲೆ 39,900 ಡಾಲರ್ ಎಂದು ಪ್ರಕಟಿಸಲಾಯಿತು. ಕೇವಲ 100 ಡಾಲರ್ ಠೇವಣಿಯಿಟ್ಟು ವಾಹನವನ್ನು ಕಾಯ್ದಿರಿಸಬಹುದಿತ್ತು. ಬೇಡವೆಂದಾಗ ಹಣ ವಾಪಸು. 2023ರ ಅಕ್ಟೋಬರಿನ ಹೊತ್ತಿಗೆ ಇಂತಹ ಬುಕಿಂಗುಗಳು ಹತ್ತು ಲಕ್ಷ ದಾಟಿವೆ ಎಂದು ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಹೇಳಿದರು. 2025ರ ವೇಳೆಗೆ ವರ್ಷಕ್ಕೆ 2,50,000 ವಾಹನ ತಯಾರಿಸುವ ಗುರಿಯನ್ನೂ ಇಟ್ಟುಕೊಂಡರು.

ನಾವು ಲೆಕ್ಕಿಗರು ಇದನ್ನು ಬೇರೆ ರೀತಿ ಓದುತ್ತೇವೆ. 39,900ಕ್ಕೆ 100 ಎಂದರೆ ಶೇಕಡಾ ಕಾಲು ಭಾಗ. ನೂರು ರೂಪಾಯಿಯ ಸರಕಿಗೆ ನಾಲ್ಕಾಣೆ ಮುಂಗಡ. ಅದೂ ಹಿಂತಿರುಗಿಸಬೇಕಾದ ಹಣ. ನಮ್ಮ ಪೇಟೆಯಲ್ಲಿ ಯಾವ ವರ್ತಕನೂ ನಾಲ್ಕಾಣೆ ಕೊಟ್ಟು ಹೋದ ಗಿರಾಕಿಯ ಹೆಸರಿನಲ್ಲಿ ಮೂಟೆ ಎತ್ತಿಡುವುದಿಲ್ಲ.

2023ರ ನವೆಂಬರ್ 30ರಂದು ವಿತರಣೆ ಆರಂಭವಾದಾಗ ಎರಡು ಮೋಟಾರಿನ ಮಾದರಿಯ ಬೆಲೆ 79,990 ಡಾಲರ್ ಆಗಿತ್ತು. 60,990 ಡಾಲರಿನ ಅಗ್ಗದ ಮಾದರಿ ಬರುವುದು 2025ಕ್ಕೆ ಎಂದು ತಿಳಿಸಲಾಯಿತು. ಮೊದಲು 500 ಮೈಲಿ ಓಡುವ ಮಾದರಿಯ ಮಾತಿತ್ತು. ಬಂದದ್ದು ಸುಮಾರು 340 ಮೈಲಿ. ಹೀಗಿರುವಾಗ ಹತ್ತು ಲಕ್ಷ ಜನ ಕಾಯ್ದಿರಿಸಿದ್ದ ವಾಹನ ಮಾರುಕಟ್ಟೆಗೆ ಬರಲೇ ಇಲ್ಲ ಎನ್ನಬೇಕು. ಬಂದದ್ದು ಇನ್ನೊಂದು ಬೆಲೆಯ ಇನ್ನೊಂದು ವಾಹನ.

ಫಲಿತಾಂಶ ಎಲ್ಲರ ಮುಂದಿದೆ. ಈ ವಾಹನದ ಮಾರಾಟದ ಅಂಕಿಯನ್ನು ಕಂಪನಿ ಪ್ರತ್ಯೇಕವಾಗಿ ಪ್ರಕಟಿಸುವುದಿಲ್ಲ. ಆದರೆ 2025ರ ಮಾರ್ಚಿಯಲ್ಲಿ ಹೊರಮೈಯ ಉಕ್ಕಿನ ಪಟ್ಟಿ ಕಳಚಿಬೀಳುವ ದೋಷಕ್ಕಾಗಿ ಸುಮಾರು ಹದಿನೈದು ತಿಂಗಳಲ್ಲಿ ತಯಾರಾದ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಾಗ ಅವುಗಳ ಸಂಖ್ಯೆ 46,096 ಎಂದು ಬಹಿರಂಗವಾಯಿತು. ಹತ್ತು ಲಕ್ಷ ಬುಕಿಂಗಿಗೆ ಇದು ನೂರಕ್ಕೆ ಐದೂ ಅಲ್ಲ. ಕಾಕ್ಸ್ ಆಟೊಮೋಟಿವ್ ಸಂಸ್ಥೆಯ ಅಂದಾಜಿನಂತೆ ಅಮೆರಿಕದಲ್ಲಿ 2024ರಲ್ಲಿ ಸುಮಾರು 39,000 ಸೈಬರ್‌ಟ್ರಕ್ ಮಾರಾಟವಾದರೆ 2025ರಲ್ಲಿ ಅದು ಸುಮಾರು 20,000ಕ್ಕೆ ಕುಸಿಯಿತು.

ಇದು ಒಂದೇ ಕಂಪನಿಯ ಎಡವಟ್ಟೂ ಅಲ್ಲ. ಫೋರ್ಡ್ ಕಂಪನಿ 2021ರ ಮೇ ತಿಂಗಳಲ್ಲಿ ಎಫ್-150 ಲೈಟ್ನಿಂಗ್ ಎಂಬ ವಿದ್ಯುತ್ ಪಿಕಪ್ಪನ್ನು 39,974 ಡಾಲರ್ ಆರಂಭಿಕ ಬೆಲೆಗೆ ಪ್ರಕಟಿಸಿ ಸುಮಾರು ಎರಡು ಲಕ್ಷ ಬುಕಿಂಗ್ ಪಡೆಯಿತು. ಅದನ್ನು ನಂಬಿ ವಾರ್ಷಿಕ ಉತ್ಪಾದನಾ ಗುರಿಯನ್ನು 1,50,000ಕ್ಕೆ ಏರಿಸಿತು. 2024ರಲ್ಲಿ ಮಾರಾಟವಾದದ್ದು 33,510. ಅದೇ ವರ್ಷದ ನವೆಂಬರಿನಿಂದ ಏಳು ವಾರ ಉತ್ಪಾದನೆ ನಿಲ್ಲಿಸಿ, 2025ರ ಡಿಸೆಂಬರಿನಲ್ಲಿ ಪೂರ್ಣ ವಿದ್ಯುತ್ ಮಾದರಿಯನ್ನೇ ಕೈಬಿಡುವುದಾಗಿ ಸಾರಿತು. ತನ್ನ ವಿದ್ಯುತ್ ವಾಹನ ವ್ಯವಹಾರದ ಪುನರ್‌ರಚನೆಗೆ ಅದು ಲೆಕ್ಕಪುಸ್ತಕದಲ್ಲಿ ಹೊರಬೇಕಾದ ಹೊರೆ 1,950 ಕೋಟಿ ಡಾಲರ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಗೆ ಇಷ್ಟು ದುಬಾರಿ ಉದಾಹರಣೆ ಸಿಗುವುದು ಅಪರೂಪ.

ನಮ್ಮ ಅಂಗಳದ ದಾಸ್ತಾನು

ದೊಡ್ಡವರು ಇಂತಹ ಪೆಟ್ಟನ್ನು ತಾಳಿಕೊಳ್ಳುತ್ತಾರೆ. ಟೆಸ್ಲಾ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 17.9 ಲಕ್ಷ ವಾಹನಗಳನ್ನು ವಿತರಿಸಿತು. ಸೈಬರ್‌ಟ್ರಕ್ ಅದರಲ್ಲಿ ಒಂದು ಚಿಕ್ಕ ಪಾಲು. ಒಂದೇ ಬಗೆಯ ಬಿಡಿಭಾಗ ಮಾಡಿ ಒಬ್ಬನೇ ಖರೀದಿದಾರನಿಗೆ ಕೊಡುವ ಘಟಕಕ್ಕೆ ಅಂತಹ ಆಸರೆ ಇಲ್ಲ.

ನನ್ನ ಕಕ್ಷಿದಾರರೊಬ್ಬರು ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಬ್ರಾಕೆಟ್ ಒದಗಿಸುವ ಸಣ್ಣ ಘಟಕ ನಡೆಸುತ್ತಾರೆ. ಖರೀದಿ ಕಂಪನಿ ಅವರಿಗೆ ಹನ್ನೆರಡು ತಿಂಗಳ ‘ತಾತ್ಕಾಲಿಕ ಶೆಡ್ಯೂಲ್’ ಕಳುಹಿಸಿತ್ತು. ಅದನ್ನು ನೆಚ್ಚಿ ಸಾಲ ಮಾಡಿ ಹೊಸ ಪವರ್ ಪ್ರೆಸ್ ಹಾಕಿಸಿದರು. 2023ರ ಜೂನ್ 1ರಿಂದ ಕೇಂದ್ರ ಸರ್ಕಾರದ ಫೇಮ್-2 ಯೋಜನೆಯಲ್ಲಿ ದ್ವಿಚಕ್ರ ವಾಹನಗಳ ಸಹಾಯಧನವು ಪ್ರತಿ ಕಿಲೋವಾಟ್ ಅವರ್‌ಗೆ 15,000 ರೂಪಾಯಿಯಿಂದ 10,000ಕ್ಕೆ, ಗರಿಷ್ಠ ಮಿತಿಯು ಶೇ. 40ರಿಂದ ಶೇ. 15ಕ್ಕೆ ಇಳಿಯಿತು. ಅದರ ಬೆನ್ನಲ್ಲೇ ಶೆಡ್ಯೂಲ್ ಅರ್ಧಕ್ಕಿಂತ ಕೆಳಗಿಳಿಯಿತು. ಘಟಕದಲ್ಲಿ ಉಳಿದದ್ದು 18 ಲಕ್ಷ ರೂಪಾಯಿ ಅಸಲಿನ ಬ್ರಾಕೆಟ್‌ಗಳು. ಶೇ. 12ರ ಬಡ್ಡಿಯಲ್ಲಿ ಅವು ತಿಂಗಳಿಗೆ 18,000 ರೂಪಾಯಿ ನುಂಗುತ್ತಿದ್ದವು. ಒಂದೇ ಕಂಪನಿಯ ನಕ್ಷೆಗೆ ಮಾಡಿದ ಸರಕನ್ನು ಬೇರೆಯವರು ಕೊಳ್ಳುವುದಿಲ್ಲ. ಅದಕ್ಕಿದ್ದ ಬೆಲೆ ಗುಜರಿಯ ಬೆಲೆ.

ಮಾರ್ಚ್ ಕೊನೆಯಲ್ಲಿ ಅವರು ಬಂದು, “ಸರ್, ಈ ಒಂದು ವರ್ಷ ಹಳೆಯ ಬೆಲೆಯಲ್ಲೇ ತೋರಿಸಿಬಿಡೋಣ, ಬ್ಯಾಂಕಿನವರಿಗೆ ತಿಳಿಯುವುದು ಬೇಡ” ಎಂದರು. ನಾನು ಒಪ್ಪಲಿಲ್ಲ. ಆದರೆ ಅವರನ್ನು ಕಣ್ಣೆತ್ತಿ ನೋಡಲು ನನಗೆ ಸಂಕೋಚವಾಯಿತು. ಸಾಲಕ್ಕಾಗಿ ಸಿದ್ಧಪಡಿಸಿದ ಯೋಜನಾ ವರದಿಯಲ್ಲಿ ಆ ಶೆಡ್ಯೂಲಿನ ಅಂಕಿಯನ್ನೇ ‘ನಿರೀಕ್ಷಿತ ಮಾರಾಟ’ವೆಂದು ಬರೆದವನು ನಾನೇ. ‘ತಾತ್ಕಾಲಿಕ’ ಎಂಬ ಪದ ಇಬ್ಬರ ಕಣ್ಣಿಗೂ ಬಿದ್ದಿತ್ತು. ಇಬ್ಬರೂ ಅದನ್ನು ಓದಲಿಲ್ಲ.

ದಾಸ್ತಾನಿನ ಮೌಲ್ಯವನ್ನು ತಗ್ಗಿಸಿದೆವು. ಬ್ಯಾಂಕು ಕ್ಯಾಷ್ ಕ್ರೆಡಿಟ್ ಮಿತಿಯನ್ನು ಇಳಿಸಿತು. ಅವರು ಪ್ರೆಸ್ ಮಾರಿದರು, ನಾಲ್ವರು ಕೆಲಸಗಾರರನ್ನು ಬಿಡಬೇಕಾಯಿತು. ಘಟಕ ಇಂದಿಗೂ ಚಿಕ್ಕದಾಗಿ ನಡೆಯುತ್ತಿದೆ.

ಪಾಲಿಸಬೇಕಾದ ಶಿಸ್ತು

ಮೊದಲನೆಯದಾಗಿ, ಆರ್ಡರ್ ಪುಸ್ತಕವನ್ನು ಮೂರು ಭಾಗ ಮಾಡಬೇಕು: ಹಿಂತಿರುಗಿಸಬೇಕಿಲ್ಲದ ಮುಂಗಡ ಬಂದಿರುವುದು, ಪ್ರಮಾಣ ಮತ್ತು ದರ ನಮೂದಿಸಿದ ಖಚಿತ ಖರೀದಿ ಆದೇಶವಿರುವುದು, ಬರೀ ಅಂದಾಜು. ಕಚ್ಚಾ ಸಾಮಗ್ರಿಯ ಖರೀದಿ ಮೊದಲೆರಡರ ಮೇಲೆ ಮಾತ್ರ ನಡೆಯಲಿ. ಅಂದಾಜಿನ ಮೇಲೆ ಸರಕು ಸಿದ್ಧವಾಗಿರಬೇಕೆಂದು ಖರೀದಿದಾರರು ಬಯಸಿದರೆ, ಇಂತಿಷ್ಟು ವಾರಗಳ ದಾಸ್ತಾನಿಗೆ ತಾವು ಹೊಣೆಯೆಂದು ಬರೆದುಕೊಡಲಿ.

ಎರಡನೆಯದಾಗಿ, ಪ್ರತಿ ತಿಂಗಳೂ ದಾಸ್ತಾನಿನ ವಯಸ್ಸನ್ನು ಪಟ್ಟಿ ಮಾಡಬೇಕು. 90 ದಿನ ಕದಲದ ಸರಕಿನ ಮುಂದೆ ಕೆಂಪು ಗುರುತು ಬೀಳಲಿ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅಸಲು ಹಾಗೂ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಈ ನಿಯಮವನ್ನು ಲೆಕ್ಕಪರಿಶೋಧಕನ ಕಿರಿಕಿರಿಯೆಂದು ಭಾವಿಸದೆ ಮಾಲೀಕರಿಗೆ ಸಿಗುವ ಮುನ್ನೆಚ್ಚರಿಕೆಯೆಂದು ತಿಳಿಯುವುದು ಲೇಸು.

ಮೂರನೆಯದಾಗಿ, ರಿಯಾಯಿತಿ ಕೊಡುವುದಾದರೆ ಬೇಗ ಕೊಡಬೇಕು. ನಷ್ಟಕ್ಕೆ ಮಾರಿದರೂ ನಿಜವಾದ ಮಾರಾಟ ಬೆಲೆಯ ಮೇಲೆ ಜಿಎಸ್‌ಟಿ ಕಟ್ಟಿದರಾಯಿತು, ಖರೀದಿಯ ಮೇಲೆ ಪಡೆದ ತೆರಿಗೆ ಜಮೆ ಉಳಿಯುತ್ತದೆ. ಅದೇ ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೊಡೆದುಹಾಕಿದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಆ ಜಮೆಯನ್ನೂ ಹಿಂತಿರುಗಿಸಬೇಕು.

ದಾಸ್ತಾನೇ ಇಲ್ಲದೆ ವ್ಯಾಪಾರ ನಡೆಯದು ಎಂಬ ಆಕ್ಷೇಪ ನ್ಯಾಯವಾದುದೇ. ಖಾಲಿ ಅಂಗಡಿಗೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ನಾನು ವಿರೋಧಿಸುವುದು ಕಂಡ ಮಾರಾಟದ ಮೇಲೆ ಇಡುವ ದಾಸ್ತಾನನ್ನಲ್ಲ, ಕೇಳಿದ ಮಾತಿನ ಮೇಲೆ ಇಡುವ ದಾಸ್ತಾನನ್ನು. ವಿದ್ಯುತ್ ವಾಹನಗಳಿಗೆ ಭವಿಷ್ಯವಿಲ್ಲ ಎಂದೂ ನನ್ನ ವಾದವಲ್ಲ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಈ ಉದ್ಯಮಕ್ಕೆ ಬಿಡಿಭಾಗ ಒದಗಿಸುವ ಘಟಕಗಳು ನಮ್ಮಲ್ಲಿ ಇನ್ನೂ ಹೆಚ್ಚಬೇಕು. ಆದರೆ ಸಹಾಯಧನದಿಂದ ಹುಟ್ಟಿದ ಬೇಡಿಕೆ ಅದು ನಿಂತ ದಿನ ಕುಗ್ಗಬಹುದೆಂಬ ಎಚ್ಚರ ಬೇಕು. ಅಮೆರಿಕದಲ್ಲಿಯೂ ವಿದ್ಯುತ್ ವಾಹನಗಳಿಗಿದ್ದ 7,500 ಡಾಲರಿನ ತೆರಿಗೆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು.

ಮುಂದಿನ ಸಲ ಯಾರಾದರೂ ಸದಸ್ಯರು ಇಂತಹ ಶೆಡ್ಯೂಲ್ ಹಿಡಿದು ತಮ್ಮ ಲೆಕ್ಕಪರಿಶೋಧಕರ ಬಳಿ ಹೋದಾಗ, ಅದರಲ್ಲಿ ಖರೀದಿದಾರನ ಹೊಣೆ ಎಷ್ಟು ಎಂಬ ಒಂದೇ ಪ್ರಶ್ನೆಯನ್ನು ಮೊದಲು ಕೇಳಲಿ. ಲೆಕ್ಕಪರಿಶೋಧಕರು ಅದಕ್ಕೆ ಉತ್ತರ ಹುಡುಕಿದ ಮೇಲೆಯೇ ಯೋಜನಾ ವರದಿ ಬರೆಯಲಿ. ನಾನಂತೂ ಈಗ ಹಾಗೆಯೇ ಮಾಡುತ್ತಿದ್ದೇನೆ.