ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ



ನಿವೃತ್ತಿಯ ನಂತರ ನಾನೂ ನನ್ನ ಮನೆಯವರೂ ಉಡುಪಿಯ ಹತ್ತಿರದ ಮಟ್ಟುವಿನಲ್ಲಿ ನೆಲೆಸಿದ್ದೇವೆ. ಮಗ ಮಣಿಪಾಲದಲ್ಲಿ ಕೆಲಸದಲ್ಲಿರುವುದರಿಂದ, ಬಯಲುಸೀಮೆಯವರಾದ ನಾವು ಕಡಲ ಕಡೆಗೆ ಬರಬೇಕಾಯಿತು. 2008ರಲ್ಲಿ ಹಾವೇರಿಯಲ್ಲಿ ಕೊಂಡಿದ್ದ ಪೆಟ್ರೋಲ್ ಕಾರೂ ನಮ್ಮ ಜೊತೆಗೇ ಬಂತು. ಹದಿನೈದು ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ಐದು ಸಾವಿರ ಶುಲ್ಕ ಕಟ್ಟಿ ನೋಂದಣಿ ನವೀಕರಿಸಿಕೊಂಡಿದ್ದೆ. ಈಗ ಕಣ್ಣು ಮೊದಲಿನಂತಿಲ್ಲ, ರಾತ್ರಿ ಓಡಿಸುವುದು ಕಷ್ಟ. ಮಾರಿಬಿಡೋಣ ಎಂದು ಒಂದು ಕಂಪನಿಗೆ ಫೋನ್ ಮಾಡಿದೆ. ಆ ಸುದ್ದಿ ತಿಳಿದ ಪಕ್ಕದ ಮನೆಯ ಗುಳ್ಳ ಬೆಳೆಗಾರರು ನನ್ನನ್ನು ಎಚ್ಚರಿಸಿದರು. "ಇದೆಲ್ಲ ಕಂಪನಿಯವರ ಆಟ ಸರ್. ಪೆಟ್ರೋಲ್ ಕಾರು ಎಲ್ಲ ಖಾಲಿ ಮಾಡಿಸಿ ಕರೆಂಟಿನ ಕಾರು ಮಾರ್ಲಿಕ್ಕೆ ಉಂಟು ಅವರಿಗೆ."

ಅವರ ಅನುಮಾನವನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಹಳೆಯ ಕಾರುಗಳನ್ನು ಕೊಂಡು ನಾಶಮಾಡಿದ ಉದಾಹರಣೆಗಳು ಇವೆ. 1990ರಲ್ಲಿ ಅಮೆರಿಕದ ಯುನೊಕಾಲ್ ಎಂಬ ತೈಲ ಕಂಪನಿ ಲಾಸ್ ಏಂಜಲೀಸ್ ಸುತ್ತಮುತ್ತ 1971ಕ್ಕಿಂತ ಹಳೆಯ ಕಾರುಗಳನ್ನು ತಲಾ 700 ಡಾಲರ್ ಕೊಟ್ಟು ಕೊಂಡು ಗುಜರಿಗೆ ಹಾಕಿತು. ಹೀಗೆ ಕೊಂಡ ಕಾರುಗಳ ಸಂಖ್ಯೆ ಎಂಟು ಸಾವಿರ ದಾಟಿತ್ತು. ಹಳೆಯ ಕಾರಿನ ಹೊಗೆ ನಿಂತರೆ ಗಾಳಿ ಶುದ್ಧವಾಗುತ್ತದೆ ಎಂಬುದು ಅವರ ವಾದ. ಕಾರುಗಳ ಹೊಗೆ ಕಡಿಮೆ ಮಾಡಿದ ಲೆಕ್ಕವನ್ನು ಕಾರ್ಖಾನೆಗಳು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುವ ಪದ್ಧತಿ ಆಮೇಲೆ ಅಲ್ಲಿ ಬಂತು. 2009ರಲ್ಲಿ ಅಮೆರಿಕ ಸರ್ಕಾರವೇ ಹಳೆಯ ಕಾರಿಗೆ 4,500 ಡಾಲರ್ ತನಕ ಕೊಟ್ಟು, ಅವುಗಳ ಇಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿಸಿ ಮತ್ತೆಂದೂ ಓಡದಂತೆ ಮಾಡಿಸಿತು.

ನಮ್ಮಲ್ಲಿಯೂ 2021ರಲ್ಲಿ ಗುಜರಿ ನೀತಿ ಬಂದಿದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳ ಪ್ರಕಾರ, ಆಯುಷ್ಯ ಮುಗಿದ ವಾಹನಗಳಿಂದ ತೆಗೆದ ಉಕ್ಕಿನ ಲೆಕ್ಕವನ್ನು ವಾಹನ ತಯಾರಕರು ಪ್ರಮಾಣಪತ್ರಗಳ ಮೂಲಕ ತೋರಿಸಬೇಕು. ಎಂದರೆ ನಮ್ಮ ಹಳೆಯ ಕಾರಿನ ಸಾವಿಗೂ ಒಂದು ಬೆಲೆ ಇದೆ. ಅದರ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಇದನ್ನು ತಿಳಿದುಕೊಂಡು ಚೌಕಾಸಿ ಮಾಡುವುದು ಒಳ್ಳೆಯದು. ಆದರೆ ಇದರಲ್ಲಿ ಗುಟ್ಟಿನ ಸಂಚೇನೂ ಇಲ್ಲ, ಎಲ್ಲವೂ ರಾಜ್ಯಪತ್ರದಲ್ಲಿ ಪ್ರಕಟವಾಗಿದೆ. ಅಲ್ಲದೆ ಮನೆ ಬಾಗಿಲಿಗೆ ಬರುವ ಕಂಪನಿಗಳಲ್ಲಿ ಹೆಚ್ಚಿನವು ಕಾರನ್ನು ಒಡೆಯುವುದಿಲ್ಲ, ಇನ್ನೊಬ್ಬರಿಗೆ ಮಾರುತ್ತವೆ. ನಾವು ಅನುಮಾನ ಪಡಬೇಕಾದದ್ದು ಈ ಎರಡನೆಯ ವ್ಯವಹಾರದಲ್ಲಿ.

ಫೋನಿನಲ್ಲಿ ಒಂದು ಬೆಲೆ ಹೇಳಿದ್ದ ಕಂಪನಿಯವರು ಮರುದಿನ ಒಬ್ಬ ಹುಡುಗನನ್ನು ಕಳಿಸಿದರು. ಒಂದು ಗಂಟೆ ಪರೀಕ್ಷೆ ಮಾಡಿ ಅವನು ಬೆಲೆಯನ್ನು ಹದಿನೆಂಟು ಸಾವಿರ ಇಳಿಸಿದ. ನನಗೆ ಸಿಟ್ಟು ಬಂತು. ಇದೇ ಇವರ ಕೈಚಳಕ ಎಂದುಕೊಂಡೆ. ಅವನು ಮಾತಿಗೆ ಮಾತು ಬೆಳೆಸದೆ ಕಾರಿನಡಿ ಮಲಗಿ, ಟಾರ್ಚ್ ಬಿಟ್ಟು ನನಗೂ ತೋರಿಸಿದ. ತಳದ ತಗಡು ಎರಡು ಕಡೆ ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತು. ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಕರಾವಳಿಯ ಸೇತುವೆಗಳಲ್ಲಿ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ವರದಿ ಬರೆದವನು ನಾನು. ನನ್ನದೇ ಕಾರಿನ ಅಡಿಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಆ ವಿಷಯದಲ್ಲಿ ನನ್ನ ಅನುಮಾನ ತಪ್ಪು, ಹುಡುಗ ಸರಿ. ಅವನೆದುರೇ ಒಪ್ಪಿಕೊಂಡೆ.

ಆಮೇಲೆ ಅವನು ಕಾಗದ ಹೊರತೆಗೆದ. ಫಾರ್ಮ್ 29, ಫಾರ್ಮ್ 30. ಕೊಳ್ಳುವವರ ಹೆಸರಿನ ಜಾಗ ಖಾಲಿ, ದಿನಾಂಕ ಖಾಲಿ. ಸಹಿ ಮಾತ್ರ ನನ್ನದು ಬೇಕು. "ಈ ರೇಟು ಇವತ್ತಿಗೆ ಮಾತ್ರ ಸರ್" ಎಂದ. ಹೆಸರು ಬರೆದುಕೊಡು ಎಂದೆ. "ಎಲ್ಲರೂ ಹೀಗೇ ಹಾಕ್ತಾರೆ ಮಾರಾಯ್ರೆ, ಪಾರ್ಟಿ ಸಿಕ್ಕಿದ ಮೇಲೆ ನಾವು ತುಂಬಿಸ್ತೇವೆ" ಎಂದ. ಮೂವತ್ತೈದು ವರ್ಷದ ನೌಕರಿಯಲ್ಲಿ ಅಳತೆ ಬರೆಯದ ಎಂ.ಬಿ. ಪುಸ್ತಕಕ್ಕೆ ನಾನು ಸಹಿ ಹಾಕಿದವನಲ್ಲ. ಹಾಕಲಿಲ್ಲ. ಹುಡುಗ ಹೊರಟುಹೋದ.

ಅಷ್ಟು ಹಟ ಏಕೆ ಎಂದು ನನ್ನ ಮನೆಯವರು ಕೇಳಲಿಲ್ಲ, ಏಕೆಂದರೆ ನನ್ನ ತಮ್ಮನ ಕಥೆ ಅವರಿಗೆ ಗೊತ್ತು. ಅವನು ಶಾಲಾ ಮಾಸ್ತರ. ಹೀಗೇ ಮನೆಗೆ ಬಂದವರಿಗೆ ಖಾಲಿ ಫಾರ್ಮಿಗೆ ಸಹಿ ಮಾಡಿ ಕಾರು ಕೊಟ್ಟ. ಏಳು ತಿಂಗಳ ಮೇಲೆ ಕೋರ್ಟಿನ ನೋಟಿಸು ಬಂತು. ಆ ಕಾರು ಯಾವುದೋ ಊರಿನಲ್ಲಿ ಬೈಕಿಗೆ ಗುದ್ದಿ ಒಬ್ಬನ ಕಾಲು ಮುರಿದಿತ್ತು. ಆರ್.ಸಿ. ಇನ್ನೂ ತಮ್ಮನ ಹೆಸರಿನಲ್ಲೇ ಇತ್ತು, ವಿಮೆ ಮುಗಿದಿತ್ತು. ಕೊಂಡವರನ್ನು ಕೇಳಿದರೆ, ನಾವು ಅಂದೇ ಬೇರೆಯವರಿಗೆ ಮಾರಿದೆವು ಎಂದರು. ತಮ್ಮ ಈಗಲೂ ರಜೆ ಹಾಕಿ ಕೋರ್ಟಿಗೆ ಅಲೆಯುತ್ತಿದ್ದಾನೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು. ಕಾರು ಮಾರಿ ಹಲವು ಕೈ ದಾಟಿದ್ದರೂ, ಕಾಗದದಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪಘಾತವೊಂದೇ ಅಲ್ಲ. 2022ರ ಅಕ್ಟೋಬರ್ 23ರಂದು ಕೊಯಮತ್ತೂರಿನ ಉಕ್ಕಡದಲ್ಲಿ ದೇವಸ್ಥಾನದ ಬಳಿ ಸ್ಫೋಟಗೊಂಡದ್ದು ಹಲವು ಕೈ ಬದಲಾಗಿದ್ದ ಹಳೆಯ ಮಾರುತಿ 800. ಅಂಥ ದಿನ ಪೊಲೀಸರು ಮೊದಲು ಹುಡುಕುವುದು ಕಾಗದದ ಮೇಲಿನ ಮಾಲೀಕನನ್ನೇ.

ಇದಕ್ಕೆ ಸರ್ಕಾರ ಒಂದು ದಾರಿ ಮಾಡಿದೆ, ನಮ್ಮವರಿಗೆ ಗೊತ್ತಿಲ್ಲ ಅಷ್ಟೆ. 2022ರ ಡಿಸೆಂಬರಿನಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಹಳೆಯ ವಾಹನದ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯಬೇಕು. ನಾವು ಅಂಥವರಿಗೆ ಕಾರು ಒಪ್ಪಿಸಿ, ಫಾರ್ಮ್ 29ಸಿ ಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ ಸ್ವೀಕೃತಿ ಪಡೆದರೆ, ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಕಾರಿನಿಂದ ಆಗುವ ಒಳಿತು ಕೆಡುಕಿಗೆ ಅವನೇ ಹೊಣೆ.

ಆದ್ದರಿಂದ ಹಳೆಯ ಕಾರಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಬೆಲೆ ಕೇಳುವ ಮೊದಲು ವ್ಯಾಪಾರಿಯ ಅಧಿಕೃತ ಪತ್ರ ಕೇಳಿ. ಖಾಲಿ ಫಾರ್ಮಿಗೆ ಸಹಿ ಬೇಡ. ಆಧಾರ್ ಪ್ರತಿ ಕೊಡುವುದಾದರೆ ಅದರ ಮೇಲೆ ಕಾರಣ ಮತ್ತು ದಿನಾಂಕ ಬರೆಯಿರಿ. ಫಾಸ್ಟ್ಯಾಗ್ ಮುಚ್ಚಿಸಿ. ನೇರವಾಗಿ ಒಬ್ಬ ವ್ಯಕ್ತಿಗೆ ಮಾರಿದರೆ, ಹದಿನಾಲ್ಕು ದಿನಗಳೊಳಗೆ ಆರ್.ಟಿ.ಒ.ಗೆ ನೀವೇ ತಿಳಿಸಿ, ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ. ಕಾರು ಓಡಲು ಯೋಗ್ಯವಲ್ಲದಿದ್ದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ.

ಸಾರಿಗೆ ಇಲಾಖೆಯೂ ಸುಮ್ಮನಿರಬಾರದು. ಯಾರು ಅಧಿಕೃತ ವ್ಯಾಪಾರಿ ಎಂಬ ಪಟ್ಟಿಯನ್ನು ಪ್ರತಿ ಆರ್.ಟಿ.ಒ. ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲು ಎಷ್ಟು ಖರ್ಚು? ಮಠಗಳ ಮಾಸಿಕ ಗೋಷ್ಠಿಗಳಲ್ಲಿಯೂ ಇಂಥ ವಿಷಯಕ್ಕೆ ಹದಿನೈದು ನಿಮಿಷ ಕೊಡಬಹುದು. ಅಲ್ಲಿ ಕುಳಿತವರಲ್ಲಿ ಬಹಳ ಜನ ನನ್ನಂತೆ ಪಿಂಚಣಿದಾರರು, ಹಳೆಯ ಕಾರಿನವರು, ಯಾರೋ ಹುಡುಗ ತೋರಿಸಿದ ಕಡೆ ಸಹಿ ಹಾಕುವವರು.

ಮಾರುವವರಿಗೂ ಒಂದು ಮಾತಿದೆ. ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ತಿರುಗಿ ಕಳಿಸಿದ ಕಥೆಯನ್ನು ನಾವು ವರ್ಷ ವರ್ಷ ಕೇಳುತ್ತೇವೆ. ತುಕ್ಕು ಮುಚ್ಚಿಟ್ಟು ಪಡೆಯುವ ಹಣವೂ ಅಂಥ ಹೆಚ್ಚಿನ ಅಕ್ಕಿಯೇ.

ಮೂರು ವಾರದ ಹಿಂದೆ ಅಧಿಕೃತ ಪತ್ರವಿದ್ದ ಒಬ್ಬ ವ್ಯಾಪಾರಿ ಬಂದರು. ತಳದ ತೂತುಗಳನ್ನು ನಾನೇ ಮೊದಲು ತೋರಿಸಿದೆ. ಆ ಹುಡುಗ ಇಳಿಸಿ ಹೇಳಿದ್ದಕ್ಕಿಂತ ಎಂಟು ಸಾವಿರ ಕಡಿಮೆಗೆ ಕಾರು ಹೋಯಿತು. 29ಸಿ ಸ್ವೀಕೃತಿಯ ಪ್ರತಿಯನ್ನು ಮನೆಯ ಕಾಗದಪತ್ರದ ಜೊತೆ ಇಟ್ಟಿದ್ದೇನೆ. ತಮ್ಮನಿಗೂ ಒಂದು ಪ್ರತಿ ಕಳಿಸಿದೆ. ಅವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಣ್ಣಾ, ಆ ಎಂಟು ಸಾವಿರ ನನ್ನ ವಕೀಲರ ಎರಡು ತಾರೀಖಿನ ಫೀಜು."