ಮಗುವಿನ ಮೊದಲ ಕವಿತೆ

ಮಗುವಿಗೆ ಕವಿತೆಯನ್ನು ಯಾವಾಗಿನಿಂದ ಕಲಿಸಬೇಕೆಂದು ಅನೇಕ ತಾಯಂದಿರು ಕೇಳುವುದುಂಟು. ಕಲಿಸುವ ಮಾತು ಹಾಗಿರಲಿ. ಎರಡು ವರ್ಷದ ಕೂಸಿಗೆ ಬೇಕಾದುದು ಕಿವಿಗೊಂದು ಹಾಡು, ಕಣ್ಣಿಗೊಂದು ಚಿತ್ರ, ಕೂಡಲು ಒಂದು ಮಡಿಲು.

ಹಾಡಿನ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಕೂಸನ್ನು ಕುರಿತ ಪದಗಳು ಅದರಲ್ಲಿ ಸಾಕಷ್ಟಿವೆ. ಅಕ್ಷರವರಿಯದ ತಾಯಂದಿರು ಬೀಸುತ್ತ, ತೂಗುತ್ತ ಕಟ್ಟಿದ ಕವಿತೆಗಳವು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಹಾಡಿಗಿದ್ದ ಹೊತ್ತೇ ಇಲ್ಲವಾಯಿತು. ಈಗ ಮಳೆಗಾಗಿ ಬಾಯ್ದೆರೆದು ನಿಲ್ಲುವ ಈ ನೆಲದ ಮಕ್ಕಳು, ಮಳೆಯನ್ನು ಅಟ್ಟುವ ಇಂಗ್ಲಿಷ್ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಾರೆ! ಅಜ್ಜಿಯ ಹಾಡು ಅಜ್ಜಿಯೊಡನೆಯೇ ಹೋಗುತ್ತಿದೆ.

ಚಿತ್ರಪುಸ್ತಕವನ್ನು ತೆರೆದು ಮಗುವಿನೊಡನೆ ಕೂಡುವ ಹತ್ತು ನಿಮಿಷ, ಕಳೆದುಹೋದ ಆ ಹೊತ್ತನ್ನು ಮರಳಿ ತರಬಲ್ಲದು. ಮೊದಲು ಚಿತ್ರವನ್ನು ಮನದಣಿಯೆ ನೋಡಗೊಡಿರಿ. ಎತ್ತಿನ ಮೇಲೆ ಬೆರಳಿಟ್ಟು “ಇದೇನು, ಹೇಳು” ಎಂದು ಪರೀಕ್ಷೆ ನಡೆಸಬೇಡಿರಿ. ಪದ್ಯವನ್ನು ಓದುವುದಕ್ಕಿಂತ ಹಾಡುವುದು ಲೇಸು. ಲಯಕ್ಕೆ ತಕ್ಕಂತೆ ಅದರ ಅಂಗೈ ತಟ್ಟಿರಿ. ಹಾಡು ಪರಿಚಿತವಾದ ಮೇಲೆ ಪ್ರಾಸದ ಕೊನೆಯ ಮಾತನ್ನು ನುಡಿಯದೆ ತುಸು ತಡೆಯಿರಿ. ಒಂದು ದಿನ ಮಗುವೇ ಅದನ್ನು ತೊದಲಿ ತುಂಬುತ್ತದೆ. ಅದೇ ಪುಟವನ್ನು ಮತ್ತೆ ಮತ್ತೆ ಬೇಡಿದರೆ ಬೇಸರಪಡಲಾಗದು. ಕಿವಿ ಹದಗೊಳ್ಳುವುದು ಹಾಗೆಯೇ. ಅರ್ಥದ ವಿವರಣೆ ಬೇಡ. ಬೀಗರು ಬಂದಾಗ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ಒಪ್ಪಿಸಹಚ್ಚುವ ಚಟವಂತೂ ಬೇಡವೇ ಬೇಡ. ವಚನಗಳಿಗೂ ಈ ಮಾತು ಸಲ್ಲುತ್ತದೆ: ಕೇಳಿಸಿರಿ, ಕಾಡಬೇಡಿರಿ.

ಪುಸ್ತಕಗಳೆಲ್ಲಿ ಎನ್ನುವಿರಾ? ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿಯೂ, 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಣೆಗಳಲ್ಲಿಯೂ ಕನ್ನಡದ ಚಿತ್ರಪುಸ್ತಕಗಳಿವೆ. ಆದರೆ ಕಥೆಗಳೇ ಹೆಚ್ಚು, ಪದ್ಯಗಳು ಕಡಿಮೆ. ಸಿಂದಗಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ನಿಮಗೆ ಬೇಕಾದುದು ಸಿಗದಿದ್ದರೆ ಮನೆಯಲ್ಲಿಯೇ ಒಂದನ್ನು ಮಾಡಬಹುದು. ಅಜ್ಜಿಗೆ ನೆನಪಿರುವ ನಾಲ್ಕು ಪದಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದಪ್ಪಕ್ಷರದಲ್ಲಿ ಬರೆಯಿರಿ, ಪುಟಕ್ಕೊಂದರಂತೆ. ಚಿತ್ರಗಳನ್ನು ಮನೆಯ ಹಿರಿಯ ಮಕ್ಕಳು ಬರೆಯಲಿ: ಜೋಳದ ತೆನೆ, ಬಂಡಿ, ಬಾವಿ, ಬಸವನ ಬಾಗೇವಾಡಿಯ ಗುಡಿ. ಕೌದಿ ಹೊಲಿಯುವ ಸೂಜಿದಾರದಿಂದಲೇ ಅಂಚು ಹೊಲಿದರಾಯಿತು. ಕೂಸು ಎಳೆದಾಡಿದರೂ ಹಾಳೆ ಬೇಗನೆ ಕಿತ್ತುಬರದು.