ಡೆಬ್ಟ್ ಅಂದವನ ತಪ್ಪೇನು?

ಮೊನ್ನೆ ಭಾನುವಾರ ಗುಬ್ಬಿಗೆ ಹೋಗಿದ್ದೆ. ಅಕ್ಕನ ಮಗಳು ಆರನೇ ಕ್ಲಾಸು, ಕನ್ನಡ ಮೀಡಿಯಂ. ಯಾವಾಗ್ಲೂ ಬಾಗಿಲಲ್ಲೇ "ಮಾಮ ಬಂದ" ಅಂತ ಕೂಗೋಳು ಅವತ್ತು ಮೂಲೇಲಿ ಸುಮ್ನೆ ಕೂತಿದ್ಲು. ಏನಾಯ್ತೇ ಅಂದ್ರೆ, ಕ್ಲಾಸಲ್ಲಿ ಎದ್ದು ನಿಂತು ಇಂಗ್ಲಿಷ್ ಪಾಠ ಓದುವಾಗ 'ಐಲ್ಯಾಂಡ್' ಅನ್ನೋದನ್ನ 'ಇಸ್‌ಲ್ಯಾಂಡ್' ಅಂತ ಓದಿದ್ಲಂತೆ. ಇಡೀ ಕ್ಲಾಸು ನಕ್ಕಿದೆ. ಇನ್ಮೇಲೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಬಾಯೇ ಬಿಡಲ್ಲ ಅಂತ ತೀರ್ಮಾನ ಮಾಡ್ಬಿಟ್ಟಿದ್ಲು.

"ಓದಲ್ಲ ಅಂದ್ಮೇಲೆ ಆ ಎಸ್ ಯಾಕೆ ಬರೀಬೇಕು ಮಾಮ?"

ಈ ಪ್ರಶ್ನೆ ನನ್ನ ಹಳೇ ಗಾಯಾನ ಕೆದಕಿತು. ತುಮಕೂರಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಮೀಟಿಂಗಲ್ಲಿ 'ಟೆಕ್ನಿಕಲ್ ಡೆಬ್ಟ್' ಅಂದಿದ್ದೆ, ಬಿ ಅಕ್ಷರವನ್ನ ಚೆನ್ನಾಗಿ ಒತ್ತಿ! ಅದು 'ಡೆಟ್' ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ನಕ್ಕವರು ಮರೆತರು, ನಾನು ಮರೀಲಿಲ್ಲ. ಮುಂದಿನ ಆರು ತಿಂಗಳು ಆ ಮೀಟಿಂಗಿನ ಸೈಲೆಂಟ್ ಲೆಟರ್ ನಾನೇ :) ಸಾಲದ ಸ್ಪೆಲ್ಲಿಂಗಲ್ಲಿ ಬಿ ಸೈಲೆಂಟು, ಸಾಲ ಕೊಟ್ಟವನು ಮಾತ್ರ ಯಾವತ್ತೂ ಸೈಲೆಂಟ್ ಆಗಿರಲ್ಲ ಅನ್ನೋದು ಎಂಥಾ ತಮಾಷೆ ನೋಡಿ.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಬಿ ಅಲ್ಲಿಗೆ ಬಂದಿದ್ದೇ ಹಿಂಬಾಗಿಲಿಂದ. ಫ್ರೆಂಚಿನಿಂದ ಬಂದ ಆ ಪದವನ್ನ ಇಂಗ್ಲಿಷರು ಮೊದಲು ಬಿ ಇಲ್ದೇನೇ ಬರೀತಿದ್ರು. ಆಮೇಲೆ ಪಂಡಿತರು ಇದರ ಮೂಲ ಲ್ಯಾಟಿನ್ನಿನ 'ಡೆಬಿಟಂ' ಅಂತ ತೋರಿಸೋಕೆ ಒಂದು ಬಿ ತುರುಕಿದ್ರು. ಐಲ್ಯಾಂಡಿನ ಎಸ್ ಕಥೆ ಇನ್ನೂ ಚೆನ್ನಾಗಿದೆ. ಹಳೇ ಇಂಗ್ಲಿಷಿನ ಆ ಪದದಲ್ಲಿ ಎಸ್ ಇರಲೇ ಇಲ್ಲ. ಲ್ಯಾಟಿನ್ ಮೂಲದ 'ಐಲ್' ಅನ್ನೋ ಇನ್ನೊಂದು ಪದದ ನೆಂಟ ಇದು ಅಂತ ತಪ್ಪು ತಿಳ್ಕೊಂಡು ಸೇರಿಸಿದ್ದು. ಅಂದ್ರೆ ತಪ್ಪು ಮಾಡಿದ್ದು ಪಂಡಿತರು, ನಗಿಸಿಕೊಂಡಿದ್ದು ನಮ್ಮ ಗುಬ್ಬಿ ಹುಡುಗಿ!

ಎಲ್ಲಾ ಮೂಕ ಅಕ್ಷರಗಳೂ ಹೀಗೆ ಕಳ್ಳದಾರೀಲಿ ಬಂದವಲ್ಲ. 'ನೈಫ್'ನ ಕೆ ಒಂದು ಕಾಲದಲ್ಲಿ ನಿಜವಾಗ್ಲೂ ಬಾಯಲ್ಲಿತ್ತು, 'ಕ್ನೀಫ್' ಅನ್ನೋ ಹಾಗೆ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಸ್ಪೆಲ್ಲಿಂಗುಗಳು ನಿಧಾನಕ್ಕೆ ಗಟ್ಟಿಯಾಗ್ತಾ ಹೋದವು, ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಬದಲಾಗ್ತಾ ಹೋಯ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಇದೇ ಟೆಕ್ನಿಕಲ್ ಡೆಬ್ಟ್. ಒಮ್ಮೆ ಬರೆದ ಕೋಡನ್ನ ನೂರು ಜನ ಬಳಸೋಕೆ ಶುರು ಮಾಡಿದ್ರೆ, ತಪ್ಪು ಅಂತ ಗೊತ್ತಿದ್ರೂ ಮುಟ್ಟೋಕಾಗಲ್ಲ. ನಿಮ್ಮ ಬ್ರೌಸರ್ ಸೈಟುಗಳಿಗೆ ಕಳಿಸೋ 'ರೆಫರರ್' ಅನ್ನೋ ಹೆಡರ್‌ನಲ್ಲಿ ಒಂದು ಆರ್ ಕಮ್ಮಿ ಇದೆ. 1996ರ ಎಚ್‌ಟಿಟಿಪಿ ದಾಖಲೇಲೇ ಹಾಗೆ ಬಂತು, ಇವತ್ತಿಗೂ ಹಾಗೇ ಇದೆ.

"ಕನ್ನಡ ಹಾಗಲ್ಲಪ್ಪ, ಬರೆದ ಹಾಗೇ ಓದ್ತೀವಿ" ಅಂತ ಎದೆ ತಟ್ಕೋಬೇಡಿ. 2014ರ ನವೆಂಬರ್ 1ಕ್ಕೆ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ನಮ್ಮ ಜಿಲ್ಲಾಕೇಂದ್ರಕ್ಕೂ ನಡುವೆ ಒಂದು ಎ, ಕೊನೇಲಿ ಒಂದು ಯು ಸಿಕ್ತು. ಯು ಸರಿ. ಆದ್ರೆ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಏನಂತ ಕೂಗ್ತಾನೆ? "ತುಮ್ಕೂರ್ ತುಮ್ಕೂರ್ ತುಮ್ಕೂರ್"! ಮ ದಲ್ಲಿರೋ ಅಕಾರ ಕನ್ನಡ ಬೋರ್ಡಿನಲ್ಲಿ ಮೊದಲಿಂದ್ಲೂ ಇತ್ತು, ಬಾಯಲ್ಲಿ ಇರ್ಲಿಲ್ಲ. ಹೆಸರು ಬದಲಾಗಿದ್ದು ನಂಗೆ ಇಷ್ಟಾನೇ. ಆದ್ರೆ ಆ ಹೊಸ ಎ ನಮ್ಮೂರಿನ ಸ್ವಂತ ಸೈಲೆಂಟ್ ಲೆಟರ್ ಅನ್ನೋದನ್ನ ಒಪ್ಕೊಳ್ಳೋಣ.

ಹಾಗಂತ ನಾವು ಇಂಗ್ಲಿಷರಷ್ಟು ಹಠಮಾರಿಗಳಲ್ಲ. ಹಳಗನ್ನಡದ ಱ ಮತ್ತು ೞ ಅಕ್ಷರಗಳ ಸದ್ದು ಹೋದ ಮೇಲೆ ಅಕ್ಷರಾನೂ ಬಿಟ್ಟು ರ, ಳ ಬರ್ಕೊಂಡ್ವಿ. ಆದ್ರೆ ಪಂಡಿತರ ಕಾಟ ನಮ್ಮನ್ನೂ ಬಿಡ್ಲಿಲ್ಲ. ಯೂನಿಕೋಡಿನವರು ೞ ಅಕ್ಷರಕ್ಕೆ ತಪ್ಪಾಗಿ 'ಫ' ಅಂತ ಹೆಸರಿಟ್ಬಿಟ್ರು. ಒಮ್ಮೆ ಇಟ್ಟ ಹೆಸರು ಬದಲಾಯಿಸಬಾರದು ಅನ್ನೋದು ಅವರ ನಿಯಮ. ಪಕ್ಕದಲ್ಲಿ ತಿದ್ದುಪಡಿ ಹೆಸರು ಕೊಟ್ಟಿದ್ದಾರೆ, ಅಧಿಕೃತ ಹೆಸರು ಮಾತ್ರ ಹಾಗೇ ಉಳೀತು. ಡೆಬ್ಟಿನ ಬಿ ಥರಾನೇ!

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, ನಮ್ಮ ನಗು ಯಾರ ಮೇಲೆ ಅಂತ ಒಮ್ಮೆ ಯೋಚಿಸಿ. ಕುಣಿಗಲ್ ಕಡೆಯ ನಮ್ಮಜ್ಜಿ ಹಾಲಿಗೆ 'ಆಲು' ಅಂತಾರೆ, ಹಳ್ಳಿಗೆ 'ಅಳ್ಳಿ' ಅಂತಾರೆ. ಓದಿದ ಮೊಮ್ಮಕ್ಕಳಾದ ನಾವು ಮುಸಿಮುಸಿ ನಗ್ತೀವಿ. ಅದೇ ಇಂಗ್ಲಿಷಿನ 'ಆನೆಸ್ಟ್', 'ಅವರ್' ಪದಗಳಲ್ಲಿ ಎಚ್ ನುಂಗಿದ್ರೆ ಅದು ಡೀಸೆಂಟು! ಹಳಗನ್ನಡದ 'ಪಾಲ್' ಆಮೇಲೆ 'ಹಾಲು' ಆಯ್ತು, ಅಜ್ಜಿ ಅದನ್ನ 'ಆಲು' ಮಾಡಿದ್ರು ಅಷ್ಟೇ. ನಾವೂ ಇಂಗ್ಲಿಷರ ದಾರೀಲಿ ಹೋಗಿದ್ರೆ 'ಪಾಲ್' ಅಂತ ಬರೆದು 'ಆಲು' ಅಂತ ಓದಿ, ಗೊತ್ತಿಲ್ಲದವರನ್ನ ನೋಡಿ ನಗ್ತಿದ್ವಿ.

ಸರಿಯಾದ ಉಚ್ಚಾರಣೆ ಕಲೀಬೇಡಿ ಅಂತ ಖಂಡಿತ ಹೇಳ್ತಿಲ್ಲ. ಇಂಟರ್‌ವ್ಯೂನಲ್ಲಿ ಕೂತವರಿಗೆ ಲ್ಯಾಟಿನ್ ಪುರಾಣ ಬೇಕಾಗಿಲ್ಲ, 'ಡೆಟ್' ಅಂತಾನೇ ಹೇಳ್ಬೇಕು. ಆದ್ರೆ ಬರೆದಿದ್ದನ್ನ ಬರೆದ ಹಾಗೇ ಓದಿದ ಮಗು ದಡ್ಡ ಅಲ್ಲ. ಒಂದನೇ ಕ್ಲಾಸಿಂದ ನಾವು ಕಲಿಸಿದ ನಿಯಮಾನೇ ಅದು ನಂಬಿದೆ. "ನೀನು ಓದಿದ್ದು ನ್ಯಾಯವಾಗೇ ಇದೆ ಪುಟ್ಟಾ, ಈ ಎಸ್ ಮಾತ್ರ ಸುಮ್ನೆ ಕೂತಿರತ್ತೆ" ಅಂತ ಹೇಳೋಕೆ ಮೇಷ್ಟ್ರಿಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಸಿಗದೇ ಬಾಯಿ ಮುಚ್ಕೊಂಡು ಕೂತ ಕನ್ನಡ ಮೀಡಿಯಂ ಹುಡುಗರನ್ನ ಕಾಲೇಜಲ್ಲಿ, ಆಫೀಸಲ್ಲಿ ನಾನು ನೋಡಿದೀನಿ. ನಾನೇ ಅವರಲ್ಲೊಬ್ಬ. ಅಕ್ಷರ ಸೈಲೆಂಟ್ ಆದ್ರೆ ನಷ್ಟ ಇಲ್ಲ, ಮಕ್ಕಳು ಸೈಲೆಂಟ್ ಆಗಬಾರದು.

ಎಸ್ ಕಥೆ ಕೇಳಿದ ಮೇಲೆ ಪುಟ್ಟಿ ಸ್ವಲ್ಪ ಗೆಲುವಾದ್ಲು. ಒಂದ್ನಿಮಿಷ ಯೋಚ್ನೆ ಮಾಡಿ ಕೇಳಿದ್ಲು: "ಹಾಗಾದ್ರೆ ಮಾಮ, ಅಜ್ಜಿ 'ಆಲು' ಅಂದಾಗ ನೀನ್ಯಾಕೆ ನಗ್ತೀಯ?"

ನಾನು ಸೈಲೆಂಟ್ :)

ನೀವೇನಂತೀರಿ?